ಟೈಲರಮ್ಮ ಜೋಡಿಸಿದ ಕಂಪ್ಯೂಟರ್

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿ ಪಕ್ಕದಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಅರ್ಧಂಬರ್ಧ ಬಟ್ಟೆಗಳು. ಹೊಸದನ್ನು ಹೊಲಿಸುವವರಿಗಿಂತ ಹಳೆಯದನ್ನು ಸರಿಮಾಡಿಸಲು ಬರುವವರೇ ಹೆಚ್ಚು. ಜಿಪ್ ಕಿತ್ತುಹೋದ ಬ್ಯಾಗು, ಸೊಂಟ ಬಿಗಿಯಾದ ಪ್ಯಾಂಟು, ಅಕ್ಕನಿಂದ ತಂಗಿಗೆ ಇಳಿದ ಶಾಲೆಯ ಸಮವಸ್ತ್ರ. "ಇದು ಆಗತ್ತಾ ನೋಡಿ ಟೈಲರಮ್ಮ" ಎಂದು ಯಾರಾದರೂ ಅನುಮಾನದಿಂದ ಕೇಳಿದರೆ "ಇಟ್ಟು ಹೋಗಿ" ಎನ್ನುವಳು. ಆಗುವುದಿಲ್ಲ ಎಂದು ಅವಳ ಬಾಯಲ್ಲಿ ಬಂದದ್ದು ಬಲು ಕಡಿಮೆ.

ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವನು. ಮೀಸೆ ಹುಟ್ಟುವ ವಯಸ್ಸಿಗೆ ಸ್ಟೇರಿಂಗ್ ಹಿಡಿದು, ಅದೇ ಮೀಸೆ ನರೆಯುವವರೆಗೂ ಬಿಟ್ಟಿರಲಿಲ್ಲ. ಮಾತುಗಾರ. ರಾತ್ರಿ ಊಟಕ್ಕೆ ಕೂತರೆ ಅಂದಿನ ರಸ್ತೆಯೆಲ್ಲ ತಟ್ಟೆಯ ಪಕ್ಕದಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಅಡ್ಡ ಬಂದ ಸ್ಕೂಟರಿನವನು, ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ಕುಸ್ತಿಗೆ ಬಿದ್ದ ಮುದುಕ, ಸ್ಟಾಪ್ ದಾಟಿದ ಮೇಲೆ "ಹೋಲ್ಡಾನ್" ಎಂದು ಚೀರಿದ ಹೆಂಗಸು, ಎಲ್ಲರೂ ಅಲ್ಲಿ ಬಂದು ಹೋಗುತ್ತಿದ್ದರು. ಮಕ್ಕಳಿಲ್ಲದ ಮನೆ ಅವನ ಮಾತಿನಿಂದಲೇ ತುಂಬಿರುತ್ತಿತ್ತು.

ಒಂದು ಬೆಳಗ್ಗೆ ತಿರುವೊಂದರಲ್ಲಿ ಅವನ ಬಲಗಣ್ಣಿಗೆ ಒಮ್ಮೆಲೇ ಮಸಿ ಚೆಲ್ಲಿದಂತಾಯಿತು. ಬಸ್ಸು ಫುಟ್‌ಪಾತ್ ಹತ್ತಿ ದೀಪದ ಕಂಬಕ್ಕೆ ಒರಗಿ ನಿಂತಿತು. ಅಷ್ಟರಲ್ಲಿ ಅವನು ಬ್ರೇಕನ್ನು ಪೂರ್ತಿ ತುಳಿದಾಗಿತ್ತು. ಒಳಗಿದ್ದವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಯಾರದೋ ಚೀಲದಲ್ಲಿದ್ದ ಮೊಟ್ಟೆಗಳು ಒಡೆದವು, ಅಷ್ಟೇ. ಸಕ್ಕರೆ ಕಾಯಿಲೆಯಿಂದ ಕಣ್ಣಿನೊಳಗೆ ರಕ್ತ ಜಿನುಗಿದೆ ಎಂದರು ಡಾಕ್ಟರು. ಚಿಕಿತ್ಸೆಯಾಯಿತು, ಎಡಗಣ್ಣು ಗಟ್ಟಿಯಾಗಿಯೇ ಇತ್ತು. ಬಲಗಣ್ಣಿಗೆ ಮಾತ್ರ ಲೋಕವೆಲ್ಲ ಮಂಜು. ಇನ್ನು ಬಸ್ಸು ಓಡಿಸುವಂತಿಲ್ಲ ಎಂದಾಯಿತು. ಡಿಪೋದಲ್ಲೇ ಕೂತು ಮಾಡುವ ಕೆಲಸ ಕೊಟ್ಟರು. ಸ್ವಲ್ಪ ದಿನ ಹೋದ. ಕಣ್ಣೆದುರೇ ಬೇರೆಯವರು ಬಸ್ಸುಗಳನ್ನು ಹೊರಗೆ ತೆಗೆದುಕೊಂಡು ಹೋಗುವುದನ್ನು ನೋಡಲಾರದೆ ನಿವೃತ್ತಿ ಬರೆದುಕೊಟ್ಟು ಮನೆಗೆ ಬಂದ.

ಮೊದಮೊದಲು ಮನೆಯ ಮೆಟ್ಟಿಲ ಮೇಲೆ ಕೂತು, ದೊಡ್ಡ ರಸ್ತೆಯಿಂದ ಕೇಳಿಸುವ ಗೇರಿನ ಸದ್ದಿಗೇ ಬೈಯುತ್ತಿದ್ದ. "ಸೆಕೆಂಡ್ ಗೇರಲ್ಲೇ ಎಳೀತಿದಾನೆ ನೋಡು, ಪಾಪಿ. ಎಂಜಿನ್ ಅಳ್ತಾ ಇದೆ." ಟೈಲರಮ್ಮ ಯಂತ್ರದಿಂದ ತಲೆಯೆತ್ತದೆ "ಹೌದ್ರೀ, ನೀವೇ ಹೋಗಿ ಹೇಳಿ ಬನ್ನಿ" ಎನ್ನುತ್ತಿದ್ದಳು. ಬರಬರುತ್ತಾ ಆ ಬೈಗುಳವೂ ನಿಂತಿತು. ಊಟಕ್ಕೆ ಕೂತರೆ ತುಟಿಪಿಟಕ್ಕೆನ್ನದೆ ಉಂಡು ಏಳುವನು. ಒಮ್ಮೊಮ್ಮೆ ಮಾತ್ರ, ಯಾರಿಗೂ ಅಲ್ಲದಂತೆ, "ಕಂಬದ ಹತ್ರ ಯಾರಾದ್ರೂ ನಿಂತಿದ್ದಿದ್ರೆ?" ಎನ್ನುವನು. ಅವಳು "ನಿಂತಿರ್ಲಿಲ್ವಲ್ಲ" ಎನ್ನುವಳು. ಆ ಮಾತು ಅವನ ಕಿವಿಗೆ ಬಿದ್ದರೂ ಒಳಗಿಳಿಯುತ್ತಿರಲಿಲ್ಲ. ಬೈಯುತ್ತಿದ್ದ ಗಂಡನನ್ನು ಸಹಿಸಿಕೊಂಡವಳಿಗೆ ಬೈಯದ ಗಂಡನನ್ನು ಕಂಡು ಭಯವಾಗತೊಡಗಿತು.

ಒಂದು ಸಂಜೆ ಮೊಬೈಲ್ ಸರಿಮಾಡಿಸಿಕೊಂಡು ಬರುತ್ತೇನೆಂದು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಟೈಲರಮ್ಮ ಅಂಗಡಿಯ ಬಾಗಿಲು ಎಳೆದುಕೊಂಡು ಹುಡುಕಲು ಹೊರಟಳು. ಬೀದಿಯ ಕೊನೆಯ ಮೊಬೈಲ್ ರಿಪೇರಿ ಅಂಗಡಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಗಂಡನ ಗಂಟಲು ಕೇಳಿಸಿತು.

"ಕನ್ನಡಿ ನೋಡಪ್ಪಾ, ಕನ್ನಡಿ! ಹಿಂದಿನ ಚಕ್ರ ಯಾರು ತಿರುಗಿಸ್ತಾರೆ, ನಿಮ್ಮ ತಾತನಾ? ಅಗಲವಾಗಿ ತಗೋ. ಹಾಂ, ಹಾಗೆ. ಇನ್ನೂ ಅಗಲ!"

ಅಂಗಡಿಯವನು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟ ಆಡುತ್ತಿದ್ದ. ಅವಳ ಗಂಡ ಅವನ ಬೆನ್ನ ಹಿಂದೆ ನಿಂತು, ಎರಡೂ ಕೈ ಗಾಳಿಯಲ್ಲಿ ಸ್ಟೇರಿಂಗ್ ಹಿಡಿದಂತೆ ಇಟ್ಟುಕೊಂಡು, ಮೈಯೆಲ್ಲ ಓರೆ ಮಾಡಿ ತಿರುವು ತೆಗೆದುಕೊಳ್ಳುತ್ತಿದ್ದ. ಹೆಂಡತಿಯನ್ನು ಕಂಡೊಡನೆ ಕೈ ಇಳಿಸಿದ. ಮನೆ ಮುಟ್ಟುವ ಮೊದಲೇ ಅವಳ ತಲೆಯೊಳಗೆ ಲೆಕ್ಕಾಚಾರ ಶುರುವಾಗಿತ್ತು.

ಮಾರನೆಯ ದಿನ ಕಂಪ್ಯೂಟರ್ ಅಂಗಡಿಗೆ ಹೋಗಿ ವಿಚಾರಿಸಿದಳು. ಇಂಥ ಆಟಗಳಿಗೆಂದೇ ಮಾಡಿದ ಯಂತ್ರವೊಂದನ್ನು ತೋರಿಸಿದರು. ಗಾಜಿನ ಮೈ, ಒಳಗೆ ಬಣ್ಣಬಣ್ಣದ ದೀಪಗಳು ಹೊತ್ತಿ ಆರುತ್ತಿದ್ದವು. ಬೆಲೆ ಕೇಳಿದವಳು "ಆಯ್ತು, ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದಳು. ಮನೆಗೆ ಬಂದವಳೇ ಅಕ್ಕನ ಮಗಳಿಗೆ ಫೋನು ಹಚ್ಚಿದಳು. ಆ ಹುಡುಗಿ ಚಿಕ್ಕಂದಿನಲ್ಲಿ ರಜೆಗಳನ್ನೆಲ್ಲ ಇವರ ಮನೆಯಲ್ಲೇ ಕಳೆದವಳು. ಈಗ ಬೇರೆ ಊರಿನಲ್ಲಿ ವಿಡಿಯೊ ಎಡಿಟಿಂಗ್ ಮಾಡುತ್ತಿದ್ದಳು, ತನ್ನ ಕಂಪ್ಯೂಟರನ್ನು ತಾನೇ ಜೋಡಿಸಿಕೊಂಡಿದ್ದಳು.

"ಚಿಕ್ಕಮ್ಮ, ಆ ದೀಪಕ್ಕೆಲ್ಲ ಯಾಕೆ ದುಡ್ಡು ಸುರೀತೀಯ? ಬಿಡಿ ಭಾಗ ತಗೋ, ನೀನೇ ಜೋಡಿಸು. ಅರ್ಧಕ್ಕರ್ಧ ಉಳಿಯತ್ತೆ."

"ನಾನಾ? ನನಗೆ ಮಿಕ್ಸಿ ಪ್ಲಗ್ ಹಾಕೋಕೇ ನಿಮ್ಮ ಚಿಕ್ಕಪ್ಪ ಬೇಕು ಕಣೇ."

"ಸುಳ್ಳು ಹೇಳ್ಬೇಡ. ಹೊಲಿಗೆ ಯಂತ್ರ ಪೂರ್ತಿ ಬಿಚ್ಚಿ ಎಣ್ಣೆ ಬಿಟ್ಟು ಮತ್ತೆ ಜೋಡಿಸೋದು ಯಾರು? ನಾನು ನೋಡಿಲ್ವಾ?"

ಟೈಲರಮ್ಮ ನಕ್ಕುಬಿಟ್ಟಳು. ಮೋಟಾರಿನ ಹೊಲಿಗೆ ಯಂತ್ರಕ್ಕೆಂದು ಅವಳು ಕೂಡಿಟ್ಟ ಹಣವಿತ್ತು. ಕಾಲಲ್ಲಿ ತುಳಿದೇ ಇಷ್ಟು ವರ್ಷ ಕಳೆದಿದೆ, ಇನ್ನೂ ಸ್ವಲ್ಪ ತುಳಿದರೆ ಕಾಲೇನು ಸವೆದುಹೋಗುವುದಿಲ್ಲ ಎಂದುಕೊಂಡಳು. ಕಣ್ಣಿನ ಡಾಕ್ಟರನ್ನೂ ಕೇಳಿ ಬಂದಳು. "ಆಡಲಿ ಬಿಡಿ, ಪರದೆ ನೋಡೋದ್ರಿಂದ ಆ ಕಣ್ಣಿಗೆ ಹೊಸದಾಗಿ ಏನೂ ಕೆಡಲ್ಲ. ನಡುನಡುವೆ ಎದ್ದು ಓಡಾಡ್ಬೇಕು ಅಷ್ಟೇ" ಎಂದರು. ಅಷ್ಟು ಕೇಳಿಯೇ ಅವಳಿಗೆ ಅರ್ಧ ಭಾರ ಇಳಿದಿತ್ತು.

ಗಂಡನಿಗೆ ಹೇಳಿದಾಗ ಅವನು ಮುಖ ಸಿಂಡರಿಸಿದ. "ನನಗೆ ಆಟದ ಸಾಮಾನು ತಂದುಕೊಡ್ತೀಯಾ? ತೊಟ್ಟಿಲೂ ಒಂದು ತಂದುಬಿಡು, ತೂಗೋಕೆ."

"ಬೇಡ ಅನ್ಸಿದ್ರೆ ಮಾರಿದ್ರಾಯ್ತು ಬಿಡಿ" ಎಂದು ಅವಳು ಅಷ್ಟಕ್ಕೇ ಬಿಟ್ಟಳು.

ಅಲ್ಲಿಂದ ಮುಂದೆ ಚಿಕ್ಕಮ್ಮ ಮತ್ತು ಅಕ್ಕನ ಮಗಳ ನಡುವೆ ಫೋನಿನಲ್ಲಿ ದಿನವೂ ಎಳೆದಾಟ. ದುಡ್ಡನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದೇ ವಿಷಯ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಹೋದ ತಲೆಮಾರಿನದಾದರೂ ನಡೆಯುತ್ತದೆ. ಹೊರಗಿನ ಡಬ್ಬಿ, ಅಂದರೆ ಕ್ಯಾಬಿನೆಟ್, ಗಾಳಿಯಾಡುವ ಸಾದಾ ತಗಡಿನದು ಸಾಕು. ಹೊಸ ಮಾನಿಟರ್ ಬೇಡ, ಮನೆಯ ಟೀವಿಗೇ ಜೋಡಿಸಬಹುದು. ಆದರೆ ಕರೆಂಟು ಹಂಚುವ ಪವರ್ ಸಪ್ಲೈ ಮಾತ್ರ ಹೊಸದೇ ಆಗಬೇಕು, ಒಳ್ಳೆಯದೇ ಆಗಬೇಕು. "ಅದರಲ್ಲಿ ಜಿಪುಣತನ ಮಾಡಿದ್ರೆ ಉಳಿದದ್ದನ್ನೆಲ್ಲ ಸುಟ್ಟು ಹಾಕತ್ತೆ" ಎಂದಳು ಹುಡುಗಿ. ಟೈಲರಮ್ಮನಿಗೆ ಅದು ತಟ್ಟನೆ ಅರ್ಥವಾಯಿತು. ಅಗ್ಗದ ದಾರ ಹಾಕಿ ದುಬಾರಿ ಬಟ್ಟೆ ಹೊಲಿದವರ ಫಜೀತಿಯನ್ನು ಅವಳು ಕಂಡವಳೇ.

ಎಲ್ಲಕ್ಕಿಂತ ದುಬಾರಿಯಾದದ್ದು ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು. ಹೊಸದು ಕೈಗೆಟುಕುವಂತಿರಲಿಲ್ಲ. ಬಳಸಿದ್ದನ್ನು ಮಾರುವವರಲ್ಲಿ ಒಬ್ಬನನ್ನು ಅಕ್ಕನ ಮಗಳು ಹುಡುಕಿಕೊಟ್ಟಳು. "ಓಡಿಸಿ ತೋರಿಸದೆ ದುಡ್ಡು ಕೊಡ್ಬೇಡ ಚಿಕ್ಕಮ್ಮ" ಎಂದು ನೂರು ಸಲ ಹೇಳಿದಳು. ಟೈಲರಮ್ಮ ಎದೆ ಗಟ್ಟಿಮಾಡಿಕೊಂಡು ಅಪರಿಚಿತನ ಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆರೆದವನು ಆನೆಯಂಥ ಆಳು, ಎದೆಯವರೆಗೆ ಗಡ್ಡ. ಇವನೇನಾದರೂ ದುಡ್ಡು ಕಸಿದುಕೊಂಡರೆ ಕೂಗಿದರೂ ಕೇಳುವವರಿಲ್ಲ ಎಂದು ಅವಳು ಚೀಲವನ್ನು ಕಂಕುಳಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಅವನು ತುಟಿಗೆ ಬೆರಳಿಟ್ಟ. ಅವನ ಹೆಗಲ ಮೇಲೆ ಅಂಗೈಯಗಲದ ಮುಖದ ಕೂಸೊಂದು ಬಾಯಿ ತೆರೆದು ನಿದ್ದೆ ಹೋಗಿತ್ತು.

"ನಿಧಾನಕ್ಕೆ ಬನ್ನಿ ಅಕ್ಕ" ಎಂದು ಪಿಸುಗುಟ್ಟಿದ. "ಈಗಷ್ಟೇ ಮಲಗಿದಾಳೆ. ಎದ್ರೆ ನಮ್ಮಿಬ್ಬರ ಕಥೆ ಮುಗೀತು."

ಗಡ್ಡದವನು ಕೂಸನ್ನು ಹೊತ್ತುಕೊಂಡೇ, ಒಂದು ಕೈಯಲ್ಲಿ ಆಟ ಹಚ್ಚಿ, ಕಾರ್ಡು ಬಿಸಿಯಾಗುವವರೆಗೂ ಓಡಿಸಿ ತೋರಿಸಿದ. ಒಳಗಿನಿಂದ ಅವನ ಹೆಂಡತಿಯ ದನಿ ಬಂತು. "ಕೊಟ್ಯಾ? ಇಲ್ಲಾ ಮತ್ತೆ ಮನಸ್ಸು ಬದಲಾಯ್ತಾ?"

"ಕೊಟ್ಟೆ, ಕೊಟ್ಟೆ" ಎಂದು ನಿಟ್ಟುಸಿರುಬಿಟ್ಟ. "ಆಡೋಕೆ ಟೈಮೆಲ್ಲಿದೆ ಅಕ್ಕ ಇನ್ನು. ಯಾರು ಆಡ್ತಾರೆ ನಿಮ್ಮನೇಲಿ, ಮಗನಾ?"

"ನಮ್ಮ ಯಜಮಾನ್ರು. ಬಸ್ ಡ್ರೈವರ್ ಆಗಿದ್ರು. ಒಂದು ಕಣ್ಣು ಹೋಗಿ ಕೆಲಸ ಬಿಟ್ರು."

ಗಡ್ಡದವನು ಮಂಚದ ಕೆಳಗೆ ಕಾಲು ಹಾಕಿ ಒಂದು ಪೆಟ್ಟಿಗೆ ಹೊರಗೆಳೆದ. ಒಳಗೆ ಆಟಕ್ಕೆಂದು ಮಾಡಿದ ಸ್ಟೇರಿಂಗ್ ಚಕ್ರ, ಪೆಡಲ್‌ಗಳು. "ಇದನ್ನೂ ತಗೊಂಡು ಹೋಗಿ. ಕ್ಲಚ್ ಕೆಲಸ ಮಾಡಲ್ಲ, ಅದಕ್ಕೆ ಯಾರೂ ಕೊಳ್ತಿಲ್ಲ. ದುಡ್ಡೇನೂ ಬೇಡ." ಅವಳು ಬೇಡ ಬೇಡ ಎನ್ನುವಷ್ಟರಲ್ಲಿ ಕೂಸು ಕೊಸರಾಡಿತು. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಅದು ಮತ್ತೆ ನಿದ್ದೆಗೆ ಜಾರಿದಾಗ ಅವಳು ಕಾರ್ಡಿನ ದುಡ್ಡು ಎಣಿಸಿಟ್ಟು, ಕಾರ್ಡನ್ನೂ ಪೆಟ್ಟಿಗೆಯನ್ನೂ ಎತ್ತಿಕೊಂಡು ಹೊರಬಿದ್ದಳು.

ಅಂಗಡಿಗೆ ರಜೆ ಇರುವ ದಿನ ಕತ್ತರಿಸುವ ಮೇಜನ್ನು ಖಾಲಿ ಮಾಡಿ, ನೂಲಿನ ಒಂದು ಎಳೆಯೂ ಉಳಿಯದಂತೆ ಒರೆಸಿದಳು. ಫೋನನ್ನು ದಾರದ ಉಂಡೆಗಳಿಗೆ ಒರಗಿಸಿ ನಿಲ್ಲಿಸಿದಳು. ಅದರಲ್ಲಿ ಅಕ್ಕನ ಮಗಳ ಮುಖ. ಗಂಡ ಒಳಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದ, ಆದರೆ ಬಾಗಿಲನ್ನು ಮುಚ್ಚಿಕೊಂಡಿರಲಿಲ್ಲ.

"ಮೊದಲು ಕಬ್ಬಿಣ ಮುಟ್ಟು ಚಿಕ್ಕಮ್ಮ. ಮೈಯಲ್ಲಿರೋ ಕರೆಂಟು ಇಳಿದುಹೋಗ್ಲಿ."

ಟೈಲರಮ್ಮ ಕಿಟಕಿಯ ಸರಳನ್ನು ಮುಟ್ಟಿ ಬಂದಳು. ಮದರ್‌ಬೋರ್ಡ್ ಎಂಬ ದೊಡ್ಡ ಹಸಿರು ಹಲಗೆಯನ್ನು ಹೊರತೆಗೆದು, ಅದರ ನಡುವಿನ ಚೌಕದಲ್ಲಿ ಪ್ರೊಸೆಸರನ್ನು ಇಟ್ಟಳು. ಅಂಚಿನ ಗುರುತಿಗೆ ಗುರುತು ಕೂಡಿಸುವುದು ಅವಳಿಗೆ ಹೊಸತಲ್ಲ. ಅದನ್ನು ಬಿಗಿಹಿಡಿಯುವ ಪಕ್ಕದ ಪುಟ್ಟ ಸರಳನ್ನು ಕೆಳಗೊತ್ತಿದಾಗ ಕರಕರ ಎಂಬ ಸದ್ದು ಬಂತು. ಅವಳು ತಟ್ಟನೆ ಕೈ ತೆಗೆದಳು.

"ಅಯ್ಯಯ್ಯೋ, ಮುರಿದೇಹೋಯ್ತು ಕಣೇ!"

"ಇಲ್ಲ ಚಿಕ್ಕಮ್ಮ, ಆ ಸದ್ದು ಬರಲೇಬೇಕು. ನನಗೂ ಮೊದಲ ಸಲ ಜೀವ ಬಾಯಿಗೆ ಬಂದಿತ್ತು. ಒತ್ತು, ಪೂರ್ತಿ ಒತ್ತು."

ಒತ್ತಿದಳು. ಏನೂ ಮುರಿದಿರಲಿಲ್ಲ. ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು ಒಂದು ಲೋಟ ನೀರು ಕುಡಿದು ಬಂದಳು. ಪ್ರೊಸೆಸರಿನ ಮೇಲೆ ಬಟಾಣಿಯಷ್ಟು ಬೂದು ಬಣ್ಣದ ಪೇಸ್ಟು, ಅದರ ಮೇಲೆ ಬಿಸಿ ಹೊರದೂಡುವ ಫ್ಯಾನು. ಮೆಮೊರಿಯ ಎರಡು ಪಟ್ಟಿಗಳು ಸೀಳಿನೊಳಗೆ. ಬೋರ್ಡನ್ನು ಕ್ಯಾಬಿನೆಟ್ಟಿನೊಳಗೆ ಕೂರಿಸಿ ತಿರುಪು ಬಿಗಿದಳು. ತಂತಿಗಳನ್ನು ಹಿಂಬದಿಯಿಂದ ತಂದು, ಗಂಟಾಗದಂತೆ ಒಂದೊಂದನ್ನೂ ಅದರದರ ಜಾಗಕ್ಕೆ ಸಿಕ್ಕಿಸಿದಳು. ಅಷ್ಟೊತ್ತಿಗೆ ಮಧ್ಯಾಹ್ನದ ಬಿಸಿಲು ಮೇಜಿನ ತುದಿಗೆ ಬಂದಿತ್ತು. ಕೊನೆಗೆ ಗಡ್ಡದವನ ಕಾರ್ಡನ್ನು ಕೂರಿಸಿ, ಟೀವಿಯ ತಂತಿಯನ್ನು ಅದರ ಬೆನ್ನಿಗೆ ಚುಚ್ಚಿದಳು.

ಗುಂಡಿ ಒತ್ತಿದಳು. ಫ್ಯಾನುಗಳು ಗಿರ್ರೆಂದು ತಿರುಗಿದವು. ಟೀವಿ ಮಾತ್ರ ಕಪ್ಪಗೇ ಇತ್ತು.

ಆರಿಸಿ ಮತ್ತೆ ಹಚ್ಚಿದಳು. ಫ್ಯಾನು ತಿರುಗಿತು. ಟೀವಿ ಕಪ್ಪು. ಕೂಡಿಟ್ಟ ಹಣ, ಮೋಟಾರಿನ ಯಂತ್ರ, ಎಲ್ಲ ಆ ಕಪ್ಪು ಪರದೆಯೊಳಗೆ ಮುಳುಗಿಹೋದಂತೆ ಕಂಡಿತು. ಸ್ಟೂಲಿನ ಮೇಲೆ ಕುಸಿದು ತಲೆ ಮೇಲೆ ಕೈ ಹೊತ್ತಳು. "ಸುಟ್ಟೆ ಕಣೇ. ಏನೋ ಸುಟ್ಟು ಹಾಕಿದೆ ನಾನು."

"ಹೊಗೆ ಬಂತಾ?" ದನಿ ಬಂದದ್ದು ಫೋನಿನಿಂದಲ್ಲ, ಬಾಗಿಲಿನಿಂದ. ಗಂಡ ಪೇಪರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ.

"ಇಲ್ಲ."

"ವಾಸನೆ?"

"ಇಲ್ಲ."

"ಮತ್ತೇನು ಸುಡೋದು? ಹೊಗೆ ಇಲ್ದೆ, ವಾಸನೆ ಇಲ್ದೆ ಸುಡೋಕೆ ಬರತ್ತಾ? ಸೆಲ್ಫ್ ಹೊಡೀತಿದೆ, ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಷ್ಟೇ. ಎಲ್ಲೋ ಲೂಸ್ ಕನೆಕ್ಷನ್ ಇರತ್ತೆ." ಅವನು ಹತ್ತಿರ ಬಂದು, ಕತ್ತನ್ನು ಓರೆ ಮಾಡಿ ಎಡಗಣ್ಣಿನಿಂದ ಡಬ್ಬಿಯೊಳಗೆ ಇಣುಕಿದ. "ಇಲ್ಲೊಂದು ಕೆಂಪು ದೀಪ ಉರೀತಿದೆ ನೋಡು."

"ಎಲ್ಲಿ ಚಿಕ್ಕಪ್ಪ? ಫೋನು ಅಲ್ಲಿಗೆ ಹಿಡೀರಿ" ಎಂದಳು ಅಕ್ಕನ ಮಗಳು. ಹಿಡಿದ. "ಅದು ಮೆಮೊರಿ ದೀಪ! ಚಿಕ್ಕಮ್ಮ, ಆರಿಸಿ, ಪ್ಲಗ್ ಕಿತ್ತು, ಆ ಎರಡು ಪಟ್ಟಿ ತೆಗೆದು ಮತ್ತೆ ಹಾಕು. ನೀನು ಮೆತ್ತಗೆ ಒತ್ತಿರ್ತೀಯ. ರೇಷ್ಮೆ ಅಲ್ಲ ಅದು, ಬಲವಾಗಿ ಒತ್ತು. ಎರಡೂ ಕಡೆ ಟಕ್ ಅನ್ಬೇಕು."

ಹೆದರಿಕೊಂಡು ಮೆತ್ತಗೆ ಒತ್ತಿದ್ದು ನಿಜ. ಟೈಲರಮ್ಮ ಪಟ್ಟಿಗಳನ್ನು ತೆಗೆದು, ಹಲ್ಲು ಕಚ್ಚಿ ಎರಡು ಹೆಬ್ಬೆರಳಿಂದ ಒತ್ತಿದಳು. ಬೋರ್ಡು ಸ್ವಲ್ಪ ಬಾಗಿತು. "ಮುರಿಯತ್ತೆ ರೀ!" "ಒತ್ತೇ, ಒತ್ತು." ಟಕ್. ಇನ್ನೊಂದು ಟಕ್. ಮತ್ತೊಂದು ಪಟ್ಟಿಗೂ ಹಾಗೆಯೇ.

ಪ್ಲಗ್ ಹಾಕಿ ಗುಂಡಿ ಒತ್ತಿದಳು. ಕೆಂಪು ದೀಪ ಹೊತ್ತಿತು, ಆರಿತು. ಟೀವಿಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಏನು ಬರೆದಿದೆ ಎಂದು ಅವಳಿಗೆ ಓದಲಾಗಲಿಲ್ಲ, ಕಣ್ಣು ತುಂಬಿತ್ತು. ಫೋನಿನೊಳಗೆ ಹುಡುಗಿ ಚಪ್ಪಾಳೆ ಹೊಡೆಯುತ್ತಿದ್ದಳು. ಗಂಡ "ಹೇಳ್ಲಿಲ್ವಾ, ಲೂಸ್ ಕನೆಕ್ಷನ್ನು" ಎಂದು ಎಲ್ಲವನ್ನೂ ತಾನೇ ಜೋಡಿಸಿದವನಂತೆ ಮೀಸೆ ಸವರಿಕೊಂಡ.

ಆದರೆ ಸ್ಟೇರಿಂಗ್ ಹಿಡಿಯಲಿಲ್ಲ. ಆಟ ಹಾಕಿದ್ದಾಯಿತು, ಟೀವಿ ಸಮೇತ ಎಲ್ಲವನ್ನೂ ಒಳಕೋಣೆಗೆ ಸಾಗಿಸಿ ಅಲ್ಲಿನ ಮೇಜಿನ ಅಂಚಿಗೆ ಚಕ್ರ ಬಿಗಿದದ್ದಾಯಿತು, ಪೆಡಲ್ ಕೆಳಗೆ ಜಾರದಂತೆ ಹಳೆ ಕಂಬಳಿ ಹಾಸಿದ್ದಾಯಿತು. ಅವನು ಅದರ ಪಕ್ಕದಲ್ಲೇ ಹಾದುಹೋಗುವನು, ಕೂರುವುದಿಲ್ಲ. ಟೈಲರಮ್ಮ ಒತ್ತಾಯ ಮಾಡಲಿಲ್ಲ. ಒಳಗೊಳಗೆ ಮಾತ್ರ, ತಪ್ಪು ಮಾಡಿಬಿಟ್ಟೆನೇನೋ, ಮರೆಯಲು ಒದ್ದಾಡುತ್ತಿರುವವನ ಎದುರಿಗೇ ಅದನ್ನೇ ತಂದಿಟ್ಟೆನೇನೋ ಎಂಬ ಕೊರಗು ಕೊರೆಯುತ್ತಿತ್ತು.

ಒಂದು ಮಧ್ಯಾಹ್ನ ಅವಳು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಾಗ ಹಿಂದಿನಿಂದ ಬಸ್ಸಿನ ಎಂಜಿನ್ ಸದ್ದು ಕೇಳಿಸಿತು. ತಿರುಗಿ ನೋಡದೆ ಹೊಲಿಗೆ ಬಿಚ್ಚುತ್ತಲೇ ಇದ್ದಳು.

"ಇದರ ಕ್ಲಚ್ ಕೆಲಸ ಮಾಡ್ತಿಲ್ಲ."

"ಹೌದು ರೀ, ಕೊಟ್ಟವನು ಹೇಳಿದ್ದ."

"ಪರವಾಗಿಲ್ಲ. ಕ್ಲಚ್ ಹೋದ ಗಾಡೀನ ಮಳೇಲಿ ಡಿಪೋ ಮುಟ್ಟಿಸಿದವನು ನಾನು."

ಬಸ್ಸು ಹೊರಟಿತು. ಅವಳು ಮೆಲ್ಲಗೆ ತಿರುಗಿ ಒಳಕೋಣೆಯತ್ತ ನೋಡಿದಳು. ಅವನು ಆಮೆಗತಿಯಲ್ಲಿ ಓಡಿಸಿದ. ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ, ಬಾಗಿಲು ತೆರೆದು, ಕನ್ನಡಿ ನೋಡಿ, ಪರದೆಯೊಳಗಿನ ಜನರೆಲ್ಲ ಹತ್ತುವವರೆಗೂ ಕಾದ. ಆಮೇಲೆ ಒಂದು ತಿರುವು ಬಂತು. ಅವನ ಭುಜ ಬಿಗಿಯಾದದ್ದು ಅವಳಿಗೆ ಕಂಡಿತು. ಚಕ್ರ ತಿರುಗಿಸಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ, ಬಸ್ಸು ಅಂಚು ಹತ್ತಿ ಕಂಬಕ್ಕೆ ಢಿಕ್ಕಿ ಹೊಡೆದು ನಿಂತಿತು.

ಟೈಲರಮ್ಮನ ಕೈಯಿಂದ ಕತ್ತರಿ ಜಾರಿತು. ಅವನು ಚಕ್ರ ಹಿಡಿದುಕೊಂಡೇ ಕೂತಿದ್ದ. ಪರದೆಯೊಳಗಿನ ಜನ ತಮ್ಮ ಪಾಡಿಗೆ ಸೀಟಿನಲ್ಲಿ ಕೂತಿದ್ದರು. ಹಿಂದಿನಿಂದ ಒಂದು ಕಾರು ಹಾರ್ನ್ ಹೊಡೆಯಿತು. ಬಹಳ ಹೊತ್ತಾದ ಮೇಲೆ ಅವನು ರಿವರ್ಸ್ ಹಾಕಿ ಬಸ್ಸನ್ನು ರಸ್ತೆಗೆ ಇಳಿಸಿದ.

"ಯಾರಿಗೂ ಏನೂ ಆಗ್ಲಿಲ್ಲ" ಎಂದ.

"ಅವತ್ತೂ ಯಾರಿಗೂ ಏನೂ ಆಗ್ಲಿಲ್ಲ ರೀ" ಎಂದಳು ಅವಳು. "ನೀವು ಬ್ರೇಕ್ ಹಾಕಿದ್ರಿ. ಕಣ್ಣು ಕಾಣದೇ ಇದ್ದಾಗ್ಲೂ ಹಾಕಿದ್ರಿ."

ಅವನು ತಿರುಗಿ ಅವಳ ಮುಖ ನೋಡಿದ. ಎಷ್ಟೋ ಸಲ ಹೇಳಿದ ಮಾತೇ, ಈ ಸಲ ಮಾತ್ರ ಒಳಗಿಳಿಯಿತೆಂದು ಅವಳಿಗೆ ಗೊತ್ತಾಯಿತು. ಅವನು ಅಂಗೈಯಿಂದ ಎರಡೂ ಕಣ್ಣು ಒರೆಸಿಕೊಂಡ, ಮತ್ತೆ ಹಿಂದಿನ ಕಾರಿನವನಿಗೆ ಬೈಯಲು ಶುರುಮಾಡಿದ. "ಬಡ್ಕೋ, ಬಡ್ಕೋ ಹಾರ್ನು. ನಿಮ್ಮಪ್ಪಂದಾ ರೋಡು?"

ಟೈಲರಮ್ಮ ಬಾಗಿ ಕತ್ತರಿ ಎತ್ತಿಕೊಂಡಳು. ಅಷ್ಟು ಹಿತವಾದ ಬೈಗುಳ ಅವಳು ಕೇಳಿ ಎಷ್ಟೋ ಕಾಲವಾಗಿತ್ತು.

ಈಗ ಮನೆಯಲ್ಲಿ ಜಗಳಕ್ಕೇನೂ ಕೊರತೆಯಿಲ್ಲ. ಅವಳ ಇಸ್ತ್ರಿ ಪೆಟ್ಟಿಗೆ, ಅವನ ಬಸ್ಸು, ಎರಡೂ ಒಟ್ಟಿಗೆ ನಡೆದರೆ ಹಳೆಯ ವೈರಿಂಗಿನ ಆ ಮನೆಯಲ್ಲಿ ಫ್ಯೂಸ್ ಹಾರುತ್ತದೆ. ಒಮ್ಮೆ ತುಂಬಿದ ಬಸ್ಸು ಸೇತುವೆ ಮೇಲಿರುವಾಗಲೇ ಹಾರಿತು. ಅವನು ಸಂಜೆಯವರೆಗೂ ಆ ಪ್ರಯಾಣಿಕರ ಪರವಾಗಿ ವಾದ ಮಾಡಿದ. ಕೊನೆಗೆ, ಬಸ್ಸು ಡಿಪೋ ಸೇರಿದ ಮೇಲೆಯೇ ಇಸ್ತ್ರಿ ಎಂದು ಒಪ್ಪಂದವಾಯಿತು. ಬಟ್ಟೆ ತಗೊಂಡು ಹೋಗಲು ಬಂದವರು ಹೊಸಿಲಲ್ಲಿ ಕಾಯುತ್ತಿರುವಾಗ ಟೈಲರಮ್ಮ ಕೈಯಲ್ಲಿ ಪ್ಲಗ್ ಹಿಡಿದು ಒಳಗೆ ಕೂಗುತ್ತಾಳೆ:

"ರೀ, ಡಿಪೋಗೆ ಬಂದ್ರಾ? ನಾನು ಇಸ್ತ್ರಿ ಹಾಕ್ಬೇಕು."

"ಇನ್ನೊಂದು ಸ್ಟಾಪು ಕಣೇ, ಒಬ್ಬರು ಅಜ್ಜಿ ಇಳೀತಿದಾರೆ" ಎಂಬ ಉತ್ತರ ಬರುತ್ತದೆ. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಕೂತ್ಕೊಳಿ, ಅಜ್ಜಿ ಇಳೀಲಿ" ಎಂದು ಸ್ಟೂಲು ಸರಿಸಿಕೊಟ್ಟು ಅವಳೂ ಕಾಯುತ್ತಾಳೆ.